ಕಪ್ಪು ಬಳಿದ ನೆಲ

ಹಡಗು ಕಟ್ಟುವ ಆ ಕಾರ್ಖಾನೆಯ ಕಾಲ ಮುಗಿಯುತ್ತ ಬಂದಿತ್ತು. ಒಂದೊಂದೇ ಶೆಡ್ಡು ಗುಜರಿಗೆ ಹೋಗುತ್ತಿತ್ತು. ಗೆರೆಮನೆಯನ್ನಾದರೂ ಉಳಿಸಿಕೊಳ್ಳಬೇಕೆಂದು ಅಲ್ಲೇ ವೆಲ್ಡರ್ ಆಗಿದ್ದ ಸೊಸೆ ಹಟ ಹಿಡಿದು ಕಂಡಕಂಡವರ ಬಾಗಿಲು ತಟ್ಟಿದ್ದಳು. ಗೆರೆಮನೆಯೆಂದರೆ ಸಾಮಾನ್ಯವೇ? ಇಡೀ ಹಡಗಿನ ನಕ್ಷೆಯನ್ನು ಅದರ ಮರದ ನೆಲದ ಮೇಲೆ ನಿಜ ಅಳತೆಯಲ್ಲೇ ಚಾಕುವಿನಿಂದ ಕೊರೆಯುತ್ತಿದ್ದರು. ತಗಡು ಕತ್ತರಿಸುವವರಿಗೆ ಆ ಗೆರೆಯೇ ಅಚ್ಚು. ಕೊರೆದ ಕೈ ಅವಳ ಮಾವನದು. ಕೊನೆಯ ಹಡಗಿನ ಗೆರೆಗಳು ಇನ್ನೂ ಇದ್ದವು. ಅವನ್ನು ನೋಡಿ ಮೆಚ್ಚಿಗೆಯಾದರೆ ಗೆರೆಮನೆ ಉಳಿಸುತ್ತೇವೆ, ಇಲ್ಲವಾದರೆ ಅದೂ ಕೆಡವುವವರ ಪಾಲು ಎಂದು ಮ್ಯೂಸಿಯಂನವರು ಹೇಳಿದ್ದರು.

ಅವರು ಬರುವ ದಿನ ಬೆಳಿಗ್ಗೆ ಸೊಸೆ ಬಂದು ನೋಡಿದಳು. ನೆಲವೆಲ್ಲ ಕಪ್ಪೋ ಕಪ್ಪು! ತೊಳೆದ ಬ್ರಷ್ ಹೊಸ್ತಿಲಲ್ಲಿಟ್ಟುಕೊಂಡು ಮಾವ ಬೀಗುತ್ತಿದ್ದರು. ಪಾಪ, ಅವರದೇನು ತಪ್ಪು? ಹೊಸ ಹಡಗು ಬರುತ್ತದೆಂದರೆ ಹಳೆಯ ಗೆರೆಗಳ ಮೇಲೆ ಕಪ್ಪು ಬಳಿದು ನೆಲ ಅಣಿ ಮಾಡುವುದು ಜೀವಮಾನದ ರೂಢಿ. ನೋಡುವವರು ಬರುತ್ತಾರೆ, ನೆಲ ಚೆನ್ನಾಗಿ ಕಾಣಬೇಕು ಎಂದಷ್ಟೇ ನಿನ್ನೆ ಹೇಳಿ ಹೋದವಳೂ ಇವಳೇ. ಸಂಜೆಯೇ ಬಳಿದು ಮುಗಿಸಿದ್ದರು ಪುಣ್ಯಾತ್ಮರು.

"ಮಾವ, ಅವರು ನೋಡೋಕೆ ಬರ್ತಿರೋದೇ ಆ ಗೆರೆಗಳನ್ನ," ಎಂದಳು.

ಮಾವನ ಮುಖ ಇಳಿದುಹೋಯಿತು. ಸಿಟ್ಟು ನೆತ್ತಿಗೇರಿದ್ದರೂ ಆ ಮುಖ ನೋಡಿ ಅವಳಿಗೆ ಬಯ್ಯಲು ಬಾಯಿ ಬರಲಿಲ್ಲ. ಮಾವ ಚಪ್ಪಲಿ ಬಿಟ್ಟರು. ಗೆರೆ ಸವೆದೀತೆಂದು ಅಲ್ಲಿ ಎಲ್ಲರೂ ಬರಿಗಾಲಲ್ಲೇ ಕೆಲಸ ಮಾಡಿದವರು. ಅಂಗಾಲು ಸರಿಸುತ್ತ ನಡೆದು ಒಂದು ಕಡೆ ನಿಂತರು.

"ಸೀಮೆಸುಣ್ಣ ತಗೊಂಬಾರಮ್ಮ. ಒಂದು ಕೈ ಬಣ್ಣ ಬಳಿದ್ರೆ ಕೊರೆದದ್ದು ಎಲ್ಲಿಗೆ ಹೋಗುತ್ತೆ?"

ಮಾವ ಕಾಲಲ್ಲಿ ಹುಡುಕಿದರು, ಸೊಸೆ ಹಿಂದೆಯೇ ಮಂಡಿಯೂರಿ ಸುಣ್ಣದ ಗೆರೆ ಎಳೆದಳು. ಅಬ್ಬಾ, ಅದೆಂಥ ಅಂಗಾಲು! ಒಂದು ತಿರುವೂ ತಪ್ಪಲಿಲ್ಲ. ಕಪ್ಪು ನೆಲದಿಂದ ಹಡಗಿನ ಮೂತಿ ಬೆಳ್ಳಗೆ ಎದ್ದು ಬಂತು, ಹೊಟ್ಟೆ ಅರ್ಧ ಬಂತು. ಅಷ್ಟರಲ್ಲಿ ಮ್ಯೂಸಿಯಂನ ಮೇಡಂ ಬಂದೇಬಿಟ್ಟರು.

ಮಾವ ಏನನ್ನೂ ಮುಚ್ಚಿಡಲಿಲ್ಲ. ತಪ್ಪು ತನ್ನದು, ಸೊಸೆಯದಲ್ಲ ಎಂದರು. ಮೇಡಂ ಶೂ ಬಿಚ್ಚಿದರು. ಬಿಳಿ ಗೆರೆ ನಿಂತ ಜಾಗದಿಂದ ಮುಂದಕ್ಕೆ, ಕಪ್ಪಿನ ಮೇಲೆ ತಡವುತ್ತ ನಡೆದು ಗಕ್ಕನೆ ನಿಂತರು. ಮುಖ ಅರಳಿತು.

"ನನಗೂ ಸಿಕ್ತು," ಎಂದರು. "ಈ ಅರ್ಧ ಹೀಗೇ ಕಪ್ಪಾಗಿರಲಿ. ಬಂದವರೂ ಕಾಲಲ್ಲೇ ಹುಡುಕಲಿ. ಗೆರೆಮನೆ ಉಳಿಯುತ್ತೆ."

ಸೊಸೆಗೆ ಕಣ್ಣು ತುಂಬಿ ಬಂತು. ಮಾವ ಹೊಸ್ತಿಲಿಗೆ ಹೋಗಿ, ತೊಳೆದಿಟ್ಟಿದ್ದ ಬ್ರಷ್ ತಂದು ಅವಳ ಕೈಗಿತ್ತರು.

"ಇದನ್ನ ನನ್ನ ಕೈಗೆ ಸಿಗದ ಹಾಗೆ ಇಡಮ್ಮ. ಇನ್ನು ಈ ನೆಲಕ್ಕೆ ಬೇರೆ ಹಡಗು ಬರೋದಿಲ್ಲ."