ಹನ್ನೆರಡು ತೊಟ್ಟಿ, ಒಂದು ಪದವಿ

ಹನ್ನೆರಡನೆಯ ತೊಟ್ಟಿಯೂ ಲಾರಿಯಿಂದ ಇಳಿದು, ಕಟ್ಟುತ್ತಿದ್ದ ಹೋಟೆಲಿನ ಅಂಗಳ ಸೇರಿತು. ಮೂರು ಬದಿಯ ಗೋಡೆ ಸಮೇತ ಒಂದೇ ಅಚ್ಚಿನಲ್ಲಿ ತೆಗೆದ, ಆಳೆತ್ತರದ ಬಿಳಿ ಸ್ನಾನದ ತೊಟ್ಟಿಗಳು ಸರೋವರಕ್ಕೆ ಮುಖಮಾಡಿ ಸಾಲಾಗಿ ನಿಂತಿದ್ದವು. ಅವು ಸೇರಬೇಕಾದ ಬಚ್ಚಲುಮನೆಗಳ ಬಾಗಿಲು ಎರಡೂವರೆ ಅಡಿ ಅಗಲ. ತೊಟ್ಟಿಯ ಅತಿ ಸಪೂರ ಬದಿಯೂ ಅದಕ್ಕಿಂತ ಎರಡಂಗುಲ ಹೆಚ್ಚು. ಇಂಥ ತೊಟ್ಟಿಯನ್ನು ಮೊದಲು ಒಳಗಿಟ್ಟು ಆಮೇಲೆ ಸುತ್ತ ಗೋಡೆ ಎಬ್ಬಿಸುತ್ತಾರೆ. ಇಲ್ಲಿ ಮರದ ಚೌಕಟ್ಟಿನ ಗೋಡೆಗಳು ಎದ್ದು ಐದು ದಿನವಾಗಿತ್ತು.

ಮೂವತ್ತೆಂಟು ವರ್ಷದಿಂದ ಅಮೆರಿಕದ ಡುಲೂತ್ ಊರಿನಲ್ಲಿ ಬಡಗಿಯಾಗಿದ್ದ ವರ್ನ್, ಬಾಗಿಲಿಗೆ ಸೋಪು ಹಚ್ಚಿ ನೋಡಬಹುದು ಅಂದ. ಆಮೇಲೆ ಜೊತೆಯ ಬಡಗಿ ಮಾರ್ಲಿಸ್ ಕಡೆ ತಿರುಗಿದ.

"ನೋಡಿದ್ಯಾ ಪ್ರೊಫೆಸರಮ್ಮ? ಆ ಹುಡುಗ ಎಂಟು ಸಾವಿರ ಡಾಲರ್ ಸುರಿದು ಕಲಿತ ವಿದ್ಯೆ ಇದು. ಇದೇ ತಪ್ಪನ್ನ ನಾನು ಪುಕ್ಕಟೆ ಮಾಡಿಕೊಡ್ತಿದ್ದೆ."

ಕೆಲಸದ ಅನುಕ್ರಮ ಬರೆದವನು ಮೇಲ್ವಿಚಾರಕ ಬ್ರಾಂಟ್. ಇಪ್ಪತ್ತೈದರ ಹುಡುಗ, ಗುಡ್ಡದ ಮೇಲಿನ ಕಾಲೇಜಿನಲ್ಲಿ ಕಟ್ಟಡ ನಿರ್ವಹಣೆಯ ಎರಡು ವರ್ಷದ ಪದವಿ ಮುಗಿಸಿದವನು. ಅದೇ ಪದವಿಯ ಕರಪತ್ರ ಮೂರು ವಾರದಿಂದ ಮಾರ್ಲಿಸಳ ಊಟದ ಡಬ್ಬಿಯಲ್ಲಿತ್ತು. ಅದು ವರ್ನ್ ಕಣ್ಣಿಗೆ ಬಿದ್ದ ದಿನವೇ ಅವಳ ಹೆಸರು ಬದಲಾಗಿತ್ತು. ಅವಳಿಗೆ ನಲವತ್ತಮೂರು. ಇಪ್ಪತ್ತೊಂದು ವರ್ಷ ಗೋಡೆಯ ಚೌಕಟ್ಟು ಎಬ್ಬಿಸಿದ ಬಲಮಂಡಿ ಮೆಟ್ಟಿಲು ಹತ್ತುವಾಗ ಮಾಡುವ ಸದ್ದು ಗಂಡ ವೆಂಡೆಲ್‌ಗೆ ಪಕ್ಕದ ಕೋಣೆಯಲ್ಲೂ ಕೇಳಿಸುತ್ತಿತ್ತು. ಸಹಾಯಕ ಮೇಲ್ವಿಚಾರಕರ ಜಾಗವೊಂದು ಖಾಲಿಯಾಗಲಿದೆ, ಆದರೆ ಕನಿಷ್ಠ ಕಾಲೇಜಿಗೆ ಸೇರಿರಬೇಕು ಎಂದು ಕಂಪನಿ ಹೇಳಿತ್ತು. ಸೇರಲು ಶುಕ್ರವಾರ ಕೊನೆಯ ದಿನ. ಇವತ್ತು ಬುಧವಾರ.

ಅವಳು ಪ್ಲೈವುಡ್ ತುಂಡೊಂದರ ಮೇಲೆ ಪೆನ್ಸಿಲಿನಲ್ಲಿ ಎರಡು ಪಟ್ಟಿ ಬರೆದು ನೋಡಿದ್ದಳು. ಬಡಗಿಗಳ ಎಲ್ಲ ಲೆಕ್ಕವೂ ನಡೆಯುವುದು ಮರದ ತುಂಡಿನ ಮೇಲೇ. ಲಾಭದ ಕಡೆ ಮಂಡಿ ಮತ್ತು ಸಂಬಳ. ನಷ್ಟದ ಕಡೆ ಶುಲ್ಕ, ಎರಡು ವರ್ಷದ ಮಂಗಳವಾರ, ಗುರುವಾರದ ಸಂಜೆಗಳು. ಮಂಗಳವಾರ ಎಂದರೆ ಬೋಲಿಂಗ್, ಗುಂಡು ಉರುಳಿಸಿ ಪಿನ್ನು ಬೀಳಿಸುವ ಆಟ. ಹತ್ತೊಂಬತ್ತು ವರ್ಷದಿಂದ ಅವಳೇ ತಂಡದ ನಾಯಕಿ. ಅದರ ಕೆಳಗೆ ಯಾರೋ 'ಕನ್ನಡಕ ಬೇಕಾಗುತ್ತದೆ' ಎಂದೂ ಸೇರಿಸಿದ್ದರು. ವೆಂಡೆಲ್ ಮಾತ್ರ ಧಾರಾಳವಾಗಿದ್ದ. ದೋಣಿಗೆ ಹೊಸ ಇಂಜಿನ್ ಇನ್ನೆರಡು ವರ್ಷ ಕಾಯುತ್ತದೆ, ಆರು ವರ್ಷದಿಂದ ಕಾದು ಅಭ್ಯಾಸವಾಗಿದೆ ಅಂದಿದ್ದ. ಬೋಲಿಂಗ್ ಮಾತು ಬಂದಾಗ ತಟ್ಟೆ ತೊಳೆಯಲು ಎದ್ದು ಹೋಗಿದ್ದ.

ವರ್ನ್‌ನ ಮಾತಿಗೆ ಎಲ್ಲರೂ ನಕ್ಕರು. ಮಾರ್ಲಿಸ್ ಒಂದು ಕ್ಷಣ ತಡವಾಗಿ ನಕ್ಕಳು. ಕಳೆದ ಶುಕ್ರವಾರ ಮೊದಲ ಬಚ್ಚಲಿನ ಗೋಡೆ ಎಬ್ಬಿಸುವಾಗಲೇ ತೊಟ್ಟಿ ಎಲ್ಲಿ ಎಂದು ಅವಳಿಗೆ ಅನಿಸಿತ್ತು. ಬಿಡಿ ಭಾಗಗಳಲ್ಲಿ ಬರುವ ತೊಟ್ಟಿ ತರಿಸಿರಬಹುದು ಅಂದುಕೊಂಡಳು. ಕೇಳಬೇಕೆಂದರೆ ಗಾಲಿಗಳ ಮೇಲಿದ್ದ ಕಚೇರಿಯ ಟ್ರೇಲರಿಗೆ ಹೋಗಬೇಕಿತ್ತು. ಅಲ್ಲಿ ಬಡಗಿಗಳಿಗೆ ಕುರ್ಚಿ ಇರಲಿಲ್ಲ. ಹಾಗಾಗಿ ಮೊಳೆ ಹೊಡೆದಳು. ಹನ್ನೆರಡು ಕೋಣೆಯಲ್ಲೂ.

ಬ್ರಾಂಟ್ ಟ್ರೇಲರಿನಿಂದ ಬರಿತಲೆಯಲ್ಲಿ ಹೊರಬಂದ, ತೊಟ್ಟಿಗಳನ್ನು ನೋಡಿದ, ಒಳಗೆ ಹೋಗಿ ಹೆಲ್ಮೆಟ್ ಹಾಕಿಕೊಂಡು ಮತ್ತೆ ಬಂದ. ತಪ್ಪು ತನ್ನದೇ ಎಂದ. ಕೊಳಾಯಿ ಕೆಲಸದವರು ನಾಳೆ ಏಳಕ್ಕೇ ಬರುತ್ತಾರೆ ಎಂದೂ ಹೇಳಿ ಅವಳನ್ನೇ ನೋಡಿದ.

ಮಾರ್ಲಿಸ್ ತನ್ನ ಪ್ಲೈವುಡ್ ತುಂಡನ್ನು ಮಗುಚಿ ಗೀಚತೊಡಗಿದಳು. ಬಾಡಿಗೆಯ ಭಾರ ಎತ್ತುವ ಯಂತ್ರ ನಾಲ್ಕಕ್ಕೆ ಹೊರಡುತ್ತದೆ, ಆದ್ದರಿಂದ ಮೇಲಿನ ಮಹಡಿ ಮೊದಲು. ಕಿಟಕಿ ಇನ್ನೂ ಕೂರಿಸಿಲ್ಲ, ತೊಟ್ಟಿಗಳು ಅಲ್ಲಿಂದ ಒಳಗೆ. ಪ್ರತಿ ಬಚ್ಚಲಿನ ಒಂದು ಗೋಡೆ ಮಾತ್ರ ಬಿಚ್ಚುವುದು; ಕೊಳಾಯಿಯವರು ನಮ್ಮ ಹಿಂದೆ ಒಂದೊಂದೇ ಕೋಣೆ ದಾಟುತ್ತಾ ಬರಲಿ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ತೊಟ್ಟಿ ಕಿಟಕಿಯಲ್ಲಿ ಮರೆಯಾಯಿತು. ಬ್ರಾಂಟ್ ಆ ಪ್ಲೈವುಡ್ಡಿನ ಫೋಟೊ ತೆಗೆದುಕೊಂಡ. "ಮೂರನೇ ಸೆಮಿಸ್ಟರಲ್ಲಿ ಹೀಗೆ ಅನುಕ್ರಮ ಹಾಕೋದೇ ನಮಗೆ ಪಾಠ. ನಂಗೆ ಬಿ ಮೈನಸ್ ಬಂದಿತ್ತು."

"ಹಂಗಾದ್ರೆ ನಂಗೆ ಗೊತ್ತಿರೋದಕ್ಕೇ ನಾನು ದುಡ್ಡು ಕೊಡಬೇಕಾ?"

ಅವನು ಯೋಚಿಸಿದ. "ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

ಅದು ಬೈಗುಳವಾಗಿರಲಿಲ್ಲ, ಹುಡುಗನಿಗೆ ನಿಜವಾಗಿ ತಿಳಿಯಬೇಕಿತ್ತು. ಮಾರ್ಲಿಸ್ ಹತ್ತಿರ ಉತ್ತರವಿತ್ತು: ಟ್ರೇಲರಿನಲ್ಲಿ ಕುರ್ಚಿ ಇರಲಿಲ್ಲ. ನಾಲಿಗೆಯ ತುದಿಗೆ ಬಂದಾಗ ಅದು ತೀರಾ ಚಿಕ್ಕದಾಗಿ ಕಂಡಿತು. ಅವಳು ಮೊಳೆ ಕೀಳುವ ಸಲಾಕೆ ಹಿಡಿದು ಮೇಲಿನ ಮಹಡಿಗೆ ಹೊರಟಳು.

ಜನವರಿಯ ಮೊದಲ ಮಂಗಳವಾರ, ಸಂಜೆ ಆರಕ್ಕೆ ಗುಡ್ಡದ ಮೇಲಿನ ಕಾಲೇಜಿನಲ್ಲಿ ಅವಳ ಮೊದಲ ತರಗತಿ. ಕೋಣೆಯ ಬಾಗಿಲು ಹಾಕಿದರೂ ನಿಲ್ಲುತ್ತಿರಲಿಲ್ಲ. ತಾನಾಗಿಯೇ ಮೆಲ್ಲಗೆ ತೆರೆದುಕೊಂಡು ಮೊಗಸಾಲೆಯ ಚಳಿಯನ್ನು ಒಳಗೆ ಬಿಡುತ್ತಿತ್ತು. ಮೇಷ್ಟ್ರು ಮೂರು ಸಲ ಎದ್ದು ಹೋಗಿ ಹಾಕಿದರು. ಹನ್ನೊಂದು ವರ್ಷದಿಂದ ಇದು ಹೀಗೇ ಎಂದರು. ನಾಲ್ಕನೆಯ ಸಲ ಹಿಂದಿನ ಸಾಲಿನಿಂದ ಮಾರ್ಲಿಸ್ ಎದ್ದಳು.

"ಒಂದ್ನಿಮಿಷ ಸಾರ್."

ಹೊಸ ನೋಟುಬುಕ್ಕಿನ ಹಿಂಬದಿಯ ರಟ್ಟು ಹರಿದು ಎರಡಾಗಿ ಮಡಚಿದಳು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಬಾಗಿಲಿನ ಕೀಲನ್ನು ಸಡಿಲಿಸಿ, ಅದರ ಹಿಂದೆ ರಟ್ಟು ತೂರಿಸಿ, ಮತ್ತೆ ಬಿಗಿ ಮಾಡಿದಳು. ಬಾಗಿಲು ಹಾಕಿ ಕೈಬಿಟ್ಟಳು. ಅವಳ ಅರ್ಧ ವಯಸ್ಸಿನ ಇಪ್ಪತ್ತು ಮಂದಿ ಬಾಗಿಲನ್ನೇ ನೋಡುತ್ತಾ ಕೂತರು. ಅದು ಮಿಸುಕಲಿಲ್ಲ.