ಅಪ್ಪನ ಕಡೆಯ ಬಣ್ಣ

ರಾತ್ರಿ ಬಹಳ ಹೊತ್ತಾಗಿತ್ತು. ಉಗ್ರಾಣದ ಕಡೆಯಿಂದ ಪಟ್ ಎಂಬ ಸದ್ದು. ಸ್ವಲ್ಪ ತಡೆದು ಮತ್ತೆ ಪಟ್. ಒಣಗಿದ ಕಾಳು ಮೊರಕ್ಕೆ ಬೀಳುವ ಸದ್ದು. ಇಲಿ ಇಷ್ಟು ತಾಳ್ಮೆಯಿಂದ ತಿನ್ನುವುದಿಲ್ಲ. ನನ್ನ ನಿದ್ದೆ ಮೊದಲೇ ಹಗುರ. ಟಾರ್ಚು ಹಿಡಿದು ಎದ್ದೆ.

ಅದು ೧೯೮೧. ಕುಂದಲಹಳ್ಳಿಯ ನಲ್ಲಪ್ಪನವರ ಹೊಲವನ್ನು ಗುತ್ತಿಗೆಗೆ ಪಡೆದು ಒಂದು ಬೀಜದ ಕಂಪನಿ ಮುಸುಕಿನ ಜೋಳದ ತಳಿಗಳನ್ನು ಬೆಳೆಸುತ್ತಿತ್ತು. ಬಿ.ಎಸ್ಸಿ. ಮುಗಿಸಿ ಅಲ್ಲಿ ಸಹಾಯಕಿಯಾಗಿ ಸೇರಿದ್ದ ನಾನು ಉಗ್ರಾಣದ ಪಕ್ಕದ ಕೋಣೆಯಲ್ಲೇ ಇದ್ದೆ.

ಆ ಬೆಳೆಯಲ್ಲಿ ಎರಡು ತಳಿಗಳಿದ್ದವು. ಒಂದರ ಕಾಳು ಕಡುನೇರಳೆ, ಇನ್ನೊಂದರದು ಹಳದಿ. ನೇರಳೆ ಗಿಡದ ಪರಾಗವನ್ನು ಹಳದಿ ಗಿಡದ ತೆನೆಗೆ, ಹಳದಿಯದನ್ನು ನೇರಳೆಯ ತೆನೆಗೆ ಉದುರಿಸಿ, ಬೇರೆ ಪರಾಗ ತಾಕದಂತೆ ಕಾಗದದ ಚೀಲ ಕಟ್ಟಿಸಿದ್ದೆವು. ಕಟ್ಟಿದವಳು ಕೂಲಿಗೆ ಬರುತ್ತಿದ್ದ ಪಿಳ್ಳಮ್ಮ. ಎರಡು ಕಡೆಯೂ ಕಾಳು ಒಂದೇ ತೆರನಾಗಿ ನೇರಳೆಯಾಗಬೇಕೆಂದು ನಾನು ನಂಬಿದ್ದೆ. ಸಿಪ್ಪೆ ಸುಲಿದಾಗ ನೋಡಿದರೆ, ಹಳದಿ ಗಿಡದ ತೆನೆಗಳಲ್ಲಿ ಪ್ರತಿ ಕಾಳೂ ಮಚ್ಚೆ ಮಚ್ಚೆ. “ಎಲ್ಲೋ ತಪ್ಪಾಗಿದೆ” ಎಂದು ಪಿಳ್ಳಮ್ಮನ ಎದುರೇ ಅಂದಿದ್ದೆ.

ಉಗ್ರಾಣದಲ್ಲಿ ಈಗ ಅವಳೇ ಬುಡ್ಡಿ ದೀಪದ ಮುಂದೆ ಕೂತು, ಮಚ್ಚೆಯ ತೆನೆಯಿಂದ ಕಾಳು ಬಿಡಿಸುತ್ತಿದ್ದಳು.

“ಏನಿದು ಪಿಳ್ಳಮ್ಮ?”

“ಒಲೆಗಾಕ್ಬುಡ್ತೀನಿ ಅಕ್ಕ. ಬೆಳಿಗ್ಗೆ ಸಾಹೇಬ್ರು ಬರೋ ಒತ್ಗೆ ಇವು ಇರಬಾರ್ದು.” ಅವಳು ಇನ್ನೊಂದು ತೆನೆ ಎತ್ತಿಕೊಂಡಳು. “ಚೀಲ ಕಟ್ಟೋ ದಿವ್ಸ ನಾನು ಮುಟ್ಟಾಗಿದ್ದೆ. ಯೋಳ್ಲಿಲ್ಲ. ಅದುಕ್ಕೇ ಇಂಗಾಗೈತೆ. ನಲ್ಲಪ್ಪನೋರ್ಗೆ ಗೊತ್ತಾದ್ರೆ ನನ್ನ ಬದುಕಕ್ಕೆ ಬುಡ್ತಾರಾ?”

ಮುಟ್ಟಾದವರು ಪೈರಿಗೆ ಕೈ ಹಚ್ಚುವಂತಿರಲಿಲ್ಲ. ಹಿಂದಿನ ವರ್ಷ ಒಬ್ಬಳನ್ನು ನಲ್ಲಪ್ಪನವರು ಎಲ್ಲರೆದುರೂ ಬೈದು ಹೊಲದಿಂದಾಚೆ ಅಟ್ಟಿದ್ದರು. ಆಮೇಲೆ ಊರಿನಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಅವಳ ಪಕ್ಕ ಕೂತೆ. ಆಮೇಲೆ ಕೇಳಿದೆ: “ನೇರಳೆ ಸಾಲಿಗೂ ಅದೇ ದಿನ ನೀನೇ ಕಟ್ಟಿದ್ದಲ್ವಾ?”

“ಊಂ. ಇದೇ ಕೈ.”

ಆ ಸಾಲಿನ ತೆನೆಗಳನ್ನು ದೀಪದ ಹತ್ತಿರ ತಂದೆ. ಒಂದು ಕಾಳಿನಲ್ಲೂ ಮಚ್ಚೆ ಇಲ್ಲ. ಅದೇ ದಿನ, ಅದೇ ಕೈ, ಅದೇ ಎರಡು ತಳಿ. ವ್ಯತ್ಯಾಸ ಒಂದೇ, ಬಣ್ಣ ಯಾರ ಕಡೆಯಿಂದ ಬಂತು ಎಂಬುದು.

ಕಾಲೇಜಿನಲ್ಲಿ ಮೇಷ್ಟ್ರು ಒಮ್ಮೆ ಹೇಳಿದ್ದು ಆಗ ನೆನಪಾಯಿತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಬರೆದುಕೊಂಡೂ ಇರಲಿಲ್ಲ. ಕೆಲವು ತಳಿಗಳಲ್ಲಿ ಬಣ್ಣದ ಜೀನ್ ಒಂದೇ ಆದರೂ ಅದು ಯಾರಿಂದ ಬಂತೆಂಬುದರ ಮೇಲೆ ಅದರ ನಡತೆ ಬದಲಾಗುತ್ತದೆ. ತಾಯಿಯಿಂದ ಬಂದರೆ ಅದು ಕಾಳಿನ ಹೊರಪದರದ ಎಲ್ಲ ಕೋಶಗಳಲ್ಲೂ ಕೆಲಸ ಮಾಡುತ್ತದೆ. ತಂದೆಯಿಂದ ಬಂದರೆ ಒಂದು ಕೋಶದಲ್ಲಿ ಎದ್ದಿರುತ್ತದೆ, ಪಕ್ಕದ್ದರಲ್ಲಿ ಮಲಗಿಬಿಡುತ್ತದೆ.

ಒಂದು ಕಾಳನ್ನು ಭೂತಗನ್ನಡಿಯ ಕೆಳಗಿಟ್ಟೆ. ನೇರಳೆ, ಹಳದಿ, ಮತ್ತೆ ನೇರಳೆ. ಕಾಗದದ ಚೀಲದ ಕತ್ತಲಲ್ಲಿ, ಯಾರೂ ಹೇಳಿಕೊಡದೆ, ಉಗುರಿಗಿಂತ ಚಿಕ್ಕದಾದ ಈ ಕಾಳು ತನಗೆ ಯಾವುದು ಅಮ್ಮನದು, ಯಾವುದು ಅಪ್ಪನದು ಎಂದು ಗುರುತಿಟ್ಟುಕೊಂಡಿತ್ತು. ಉಸಿರು ತಾಕಿದರೆ ಅದು ಅಳಿಸಿಹೋದೀತೋ ಎಂಬಂತೆ ಉಸಿರು ಬಿಗಿಹಿಡಿದು ನೋಡಿದೆ.

ಪಿಳ್ಳಮ್ಮನಿಗೂ ತೋರಿಸಿ, ತಿಳಿದಷ್ಟು ಹೇಳಿದೆ. ಅವಳು ಬಹಳ ಹೊತ್ತು ಗಾಜಿನೊಳಗೆ ಇಣುಕಿದಳು.

“ಅಂದ್ರೆ ಅಪ್ಪಂದು ಇಲ್ಲೂ ಅರ್ಧಂಬರ್ಧ ಕೆಲ್ಸನೇ ಅನ್ನಿ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಮೆಲ್ಲಗೆ ಕೇಳಿದಳು: “ನನ್ನ ಕೈಯಿಂದ ಅಲ್ವಾ ಅಕ್ಕ? ನಿಮ್ಮಾಣೆ?”

“ನನ್ನಾಣೆ.”

ಬೆಳಿಗ್ಗೆ ಕಂಪನಿಯ ಸಾಹೇಬರಾದ ವೆಂಕಟರಮಣಪ್ಪನವರು ಮಚ್ಚೆಯ ತೆನೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಓದಿದ್ದೆ ಕಣಮ್ಮ. ಕಣ್ಣಾರೆ ಕಂಡಿರಲಿಲ್ಲ” ಎಂದರು. ಆಮೇಲೆ ಇನ್ನೊಂದನ್ನು ಎತ್ತಿಕೊಂಡರು. “ಇದರ ಕಾಳು ಯಾರು ಬಿಡಿಸಿದ್ದು?”

ನಲ್ಲಪ್ಪನವರು ಪಕ್ಕದಲ್ಲೇ ಇದ್ದರು. ಬಾಗಿಲ ಬಳಿ ಪಿಳ್ಳಮ್ಮನ ಪೊರಕೆ ನಿಂತುಹೋಯಿತು.

“ನಾನೇ ಸಾರ್. ಭೂತಗನ್ನಡಿಯಲ್ಲಿ ನೋಡಬೇಕಿತ್ತು” ಎಂದೆ.

ಪೊರಕೆ ಮತ್ತೆ ಆಡತೊಡಗಿತು. ಕಾಳಿನ ವಿಷಯ ಎಷ್ಟು ಜನ ಕೇಳಿದರೂ ಹೇಳುತ್ತೇನೆ, ಆದರೆ ಅದನ್ನು ನಾನು ಯಾರ ಜೊತೆ ಕೂತು ಕಂಡೆ ಎಂಬುದನ್ನು ಮಾತ್ರ ಪಿಳ್ಳಮ್ಮ ಇರುವ ತನಕ ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.