ಗಾಯ ಹೆಣೆಯಲು ನೂಲೆಲ್ಲಿ?

ಸ್ವೆಟರ್ ಹೆಣೆಯುವ ಮನೆ ಅದು. ಯಜಮಾನನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಎಲ್ಲ ಚೆನ್ನಾಗಿಯೇ ಆಯಿತು, ಗಾಯ ಮಾತ್ರ ಕೂಡಿಕೊಳ್ಳಲು ಒಲ್ಲೆ ಎಂದು ಹಟ ಹಿಡಿದಿತ್ತು. ಹೀಗೇ ಆದರೆ ಮತ್ತೊಂದು ಆಪರೇಷನ್ ಮಾಡಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಅದನ್ನು ಕೇಳಿದಾಗಿನಿಂದ ಅವನ ಹೆಂಡತಿ ಕಂಗಾಲಾಗಿದ್ದಳು. ಅವಳ ಅತ್ತೆಯಂತೂ ಮಗನ ಪಥ್ಯವನ್ನು ಇನ್ನಷ್ಟು ಬಿಗಿ ಮಾಡಿದಳು. ಮೊಟ್ಟೆ, ಮೀನು, ಹಾಲು, ಕಾಳು ಎಲ್ಲಕ್ಕೂ ಗೇಟ್‌ಪಾಸ್. ಮೂರು ಹೊತ್ತೂ ತೆಳು ಗಂಜಿ.

ಪಟ್ಟಿ ಬದಲಾಯಿಸಲು ಬಂದ ನರ್ಸಮ್ಮ ರೋಗಿಯ ತೋಳು ಮುಟ್ಟಿ ನೋಡಿದಳು.

"ಇವರು ಏನು ತಿಂತಿದಾರೆ?"

"ಗಂಜಿ. ಗಾಯ ಇರೋವಾಗ ಮೊಟ್ಟೆ, ಕಾಳು ತಿಂದ್ರೆ ಕೀವು ಆಗತ್ತೆ. ಎಷ್ಟು ಬಾಣಂತನ ಮಾಡಿದ ಕೈ ಇದು, ನಂಗೇ ಹೇಳಿಕೊಡ್ತೀಯಾ?" ಅತ್ತೆ ಮೂಗು ಮುರಿದಳು.

"ಕೀವಾಗೋದು ರೋಗಾಣುಗಳಿಂದ. ಪಾಪ, ಮೊಟ್ಟೆ ಮೇಲೆ ಯಾಕಮ್ಮಾ ಸುಳ್ಳು ಕೇಸು? ಗಂಜಿ ಶಕ್ತಿ ಕೊಡತ್ತೆ, ಸರಿ. ಚರ್ಮ ಬೆಳೆಯೋಕೆ ಪ್ರೋಟೀನ್ ಬೇಕು."

"ಅದ್ಯಾವ ಔಷಧಿ?"

ನರ್ಸಮ್ಮ ಅಲ್ಲೇ ಹೆಣೆದಿಟ್ಟಿದ್ದ ಟೋಪಿ, ಕಾಲುಚೀಲ ಎತ್ತಿಕೊಂಡಳು. "ಎರಡೂ ನೂಲೇ ಅಲ್ವಾ? ಹೆಣೆಯೋ ರೀತಿ ಬೇರೆ, ಅಷ್ಟೆ. ಪ್ರೋಟೀನೂ ಹಾಗೇ. ಅಮೈನೋ ಆಮ್ಲ ಅನ್ನೋ ಸಣ್ಣ ತುಣುಕುಗಳು ಸಾಲಾಗಿ ಸೇರಿ ಉದ್ದ ಎಳೆ ಆಗತ್ತೆ. ಯಾವ ತುಣುಕಿನ ಪಕ್ಕ ಯಾವುದು ಬಂತು ಅನ್ನೋದರ ಮೇಲೆ ಎಳೆ ಮಡಿಚಿಕೊಂಡು ಒಂದು ಆಕಾರ ತಗೊಳತ್ತೆ. ಆಕಾರ ಹೇಗೋ ಕೆಲಸ ಹಾಗೆ. ಒಂದು ರಕ್ತದಲ್ಲಿ ಆಮ್ಲಜನಕ ಹೊರತ್ತೆ, ಒಂದು ಊಟ ಅರಗಿಸತ್ತೆ, ಇನ್ನೊಂದು ರೋಗದ ಜೊತೆ ಹೊಡೆದಾಡತ್ತೆ. ಚರ್ಮ, ಮಾಂಸಕ್ಕೂ ಅದೇ ಬೇಕು. ನಿಮ್ಮ ಉಣ್ಣೆನೂ ಪ್ರೋಟೀನೇ, ಕುರಿ ಮೈಯಲ್ಲಿ ತಯಾರಾಗಿದ್ದು."

"ಅಂದ್ರೆ ನಾನೂ ಒಂದು ಸ್ವೆಟರ್ರು," ಎಂದು ಮಲಗಿದ್ದವನು ನಕ್ಕ. ನಕ್ಕಿದ್ದಕ್ಕೆ ಗಾಯ ಎಳೆದಂತಾಗಿ ಹೊಟ್ಟೆ ಹಿಡಿದುಕೊಂಡ.

"ಗಂಜೀಲಿ ಅದು ಇರಲ್ವಾ?" ಅತ್ತೆ ಪಟ್ಟು ಬಿಡಲಿಲ್ಲ.

"ಚೂರು ಇರತ್ತೆ. ಇಷ್ಟು ದೊಡ್ಡ ಗಾಯಕ್ಕೆ ಎಲ್ಲಿ ಸಾಲತ್ತೆ? ನಿಮಗೊಂದು ಅರ್ಜೆಂಟ್ ಆರ್ಡರ್ ಇದೆ, ಹೊಸ ನೂಲು ಬಂದಿಲ್ಲ ಅಂದ್ಕೊಳ್ಳಿ. ಏನು ಮಾಡ್ತೀರಿ?"

"ಹಳೇ ಸ್ವೆಟರ್ ಬಿಚ್ತೀವಿ. ಎಳೆ ಹರೀದಂಗೆ ಬಿಚ್ಚೋದ್ರಲ್ಲಿ ನನ್ನ ಬಿಟ್ರೆ ಇನ್ನೊಬ್ಬರಿಲ್ಲ," ಎಂದಳು ಅತ್ತೆ, ಜಂಬದಿಂದ.

"ನಿಮ್ಮ ಮಗನ ಮೈನೂ ಅದನ್ನೇ ಮಾಡ್ತಿದೆ. ತೋಳಿನ ಮಾಂಸ ಬಿಚ್ಚಿ ಗಾಯಕ್ಕೆ ಕೊಡ್ತಿದೆ. ಆದ್ರೂ ಸಾಲ್ತಿಲ್ಲ."

ಅತ್ತೆ ಮಂಚದ ಬಳಿ ಕೂತು ಮಗನ ತೋಳು ಹಿಡಿದಳು. ಹಿಡಿ ತುಂಬಲಿಲ್ಲ.

"ಅಯ್ಯೋ, ನಾನೇ ನನ್ನ ಮಗನ್ನ ಬಿಚ್ತಾ ಕೂತಿದ್ನಲ್ಲೇ," ಎಂದು ಸೊಸೆಯ ಕಡೆ ತಿರುಗಿ ಅತ್ತುಬಿಟ್ಟಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಟ್ಟೆಯಲ್ಲಿ.

ಅಂದೇ ಮೊಟ್ಟೆ ಬೆಂದಿತು, ಕಾಳು ನೆನೆಯಿತು. ಮರುದಿನವೇ ಪವಾಡ ಆಗಲಿಲ್ಲ. ಔಷಧಿ, ಪಟ್ಟಿ ಎಲ್ಲ ನಡೆದೇ ಇತ್ತು. ನಿಧಾನವಾಗಿ ಗಾಯದ ಅಂಚು ಕೂಡಿಕೊಂಡಿತು. "ಇನ್ನು ಆಪರೇಷನ್ ಬೇಡ," ಎಂದರು ಡಾಕ್ಟರು.

ನಿಮ್ಮ ಮನೆಯಲ್ಲೂ ಗಾಯವಾದವರು, ಬಾಣಂತಿಯರು, ಕಾಯಿಲೆಯಿಂದ ಎದ್ದವರು ಇದ್ದಾರೆಯೇ? ಮೊಟ್ಟೆ, ಮೀನು ತಿನ್ನದಿದ್ದರೆ ಬೇಳೆ, ಕಾಳು, ಹಾಲು, ಮೊಸರು, ಕಡಲೆಕಾಯಿ ಕೊಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ ಕೊಡಿ. ಪಥ್ಯದ ಹೆಸರಲ್ಲಿ ನಿಮ್ಮವರನ್ನು ಉಪವಾಸ ಕೆಡವಬೇಡಿ. ಇವತ್ತಿನ ಊಟಕ್ಕೆ ಬಡಿಸುವ ಮೊದಲು ಅವರ ತಟ್ಟೆಯನ್ನೊಮ್ಮೆ ನೋಡಿ.